‘ವಯಸ್ಸಾಯಿತಲ್ಲ’ ಎನ್ನುವ ಮೊದಲು ಒಂದು ರಕ್ತಪರೀಕ್ಷೆ

ನಮ್ಮ ಮಸೀದಿಗಳ ಕೊನೆಯ ಸಾಲಿನಲ್ಲಿ ಕುರ್ಚಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹೆಚ್ಚಿನವರು ಮಂಡಿನೋವಿನಿಂದ ಕುರ್ಚಿ ಹಿಡಿದವರು. ಆದರೆ ಮಂಡಿ ಚೆನ್ನಾಗಿದ್ದೂ ಕುಳಿತು ನಮಾಝ್ ಮಾಡುವವರಿದ್ದಾರೆ. ಸುಜೂದ್‌ನಿಂದ ತಲೆ ಎತ್ತುವಾಗ ಕಣ್ಣು ಕತ್ತಲಾಗುತ್ತದೆ, ಎದ್ದು ನಿಂತರೆ ಎದೆ ಬಡಿದುಕೊಳ್ಳುತ್ತದೆ, ಮೇಲಿನ ಮಹಡಿಗೆ ಹತ್ತುವಷ್ಟರಲ್ಲಿ ಉಸಿರು ಮೇಲೆಕೆಳಗಾಗುತ್ತದೆ ಎನ್ನುವವರು ಇವರು. ಮನೆಯಲ್ಲಿರುವ ಉಮ್ಮ ಅಥವಾ ದಾದಿಯ ಕಥೆ ಇನ್ನೂ ಮೌನವಾದದ್ದು. ಮೊದಲು ಬಟ್ಟೆ ಒಗೆಯುವುದು ನಿಲ್ಲುತ್ತದೆ, ಆಮೇಲೆ ನೆರೆಮನೆಗೆ ಹೋಗುವುದು ನಿಲ್ಲುತ್ತದೆ, ಕೊನೆಗೆ ಹಗಲಿಡೀ ಮಂಚದ ಮೇಲೆ. ಕೇಳಿದರೆ ‘ಏನೂ ಇಲ್ಲಪ್ಪ, ಸುಸ್ತು ಅಷ್ಟೇ’ ಎನ್ನುತ್ತಾರೆ. ಮಕ್ಕಳು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ.

ಈ ಸುಸ್ತಿಗೆ ಎಷ್ಟೋ ಸಲ ವಯಸ್ಸು ಕಾರಣವಲ್ಲ, ರಕ್ತಹೀನತೆ ಕಾರಣ. ವಯಸ್ಸಾದವರಲ್ಲಿ ರಕ್ತ ಕಡಿಮೆಯಾಗುವುದು ಸಹಜವಲ್ಲ. ದೇಹದೊಳಗೆ ಬೇರೇನೋ ನಡೆಯುತ್ತಿದೆ ಎನ್ನುವುದರ ಸೂಚನೆ ಅದು. ಆ ‘ಬೇರೇನೋ’ ಯಾವುದೆಂದು ಹುಡುಕದೆ ಟಾನಿಕ್ ಕುಡಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಬಿಪಿ ಲೋ’ ಆಗುವುದು ಬೇರೆ, ರಕ್ತ ಕಡಿಮೆಯಾಗುವುದು ಬೇರೆ. ಬಿಪಿ ಎಂದರೆ ರಕ್ತದ ಒತ್ತಡ. ರಕ್ತಹೀನತೆ ಎಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಾಗುವುದು. ಬಿಪಿ ಹೆಚ್ಚಿದ್ದು ಮಾತ್ರೆ ತಿನ್ನುತ್ತಿರುವವರಿಗೂ ರಕ್ತಹೀನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. ಎಪ್ಪತ್ತು ದಾಟಿದರೆ ಹತ್ತು ಇದ್ದರೂ ಸಾಕು ಎನ್ನುವ ರಿಯಾಯಿತಿ ಈ ಲೆಕ್ಕದಲ್ಲಿಲ್ಲ.

ಅಮೆರಿಕದಲ್ಲಿ ನಡೆದ ದೊಡ್ಡ ರಾಷ್ಟ್ರೀಯ ಸಮೀಕ್ಷೆಯೊಂದರ ಅಂಕಿಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 65 ದಾಟಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ರಕ್ತಹೀನತೆ ಇತ್ತು. 85 ದಾಟಿದವರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಇವರಲ್ಲಿ ಮೂರನೇ ಒಂದು ಭಾಗದವರಿಗೆ ಕಬ್ಬಿಣಾಂಶ, ಬಿ12, ಫೋಲೇಟ್‌ನಂಥ ಪೋಷಕಾಂಶಗಳ ಕೊರತೆ. ಇನ್ನೊಂದು ಮೂರನೇ ಭಾಗದವರಿಗೆ ದೀರ್ಘಕಾಲದ ಉರಿಯೂತ ಅಥವಾ ಕಿಡ್ನಿ ಕಾಯಿಲೆ. ಉಳಿದವರಲ್ಲಿ ಕಾರಣ ಸ್ಪಷ್ಟವಾಗಲಿಲ್ಲ. ಅಂದರೆ ಕಬ್ಬಿಣದ ಟಾನಿಕ್‌ನಿಂದ ಸರಿಹೋಗುವಂಥದ್ದು ಒಟ್ಟಿನಲ್ಲಿ ಸಣ್ಣ ಪಾಲು.

ನಮ್ಮ ದೇಶದಲ್ಲಿ ರಕ್ತಹೀನತೆ ಎಂದರೆ ಗರ್ಭಿಣಿಯರ ಮತ್ತು ಶಾಲಾ ಮಕ್ಕಳ ಸಮಸ್ಯೆ ಎಂಬ ಭಾವನೆಯಿದೆ. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮ ಆರು ಗುಂಪುಗಳನ್ನು ಗುರಿಯಾಗಿಸಿಕೊಂಡಿದೆ. ಪುಟ್ಟ ಮಕ್ಕಳು, ಶಾಲಾ ಮಕ್ಕಳು, ಹದಿಹರೆಯದವರು, ಯುವತಿಯರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು. ಹಿರಿಯರು ಆ ಪಟ್ಟಿಯಲ್ಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಸೊಸೆಯ ರಕ್ತ ವಿಚಾರಿಸುತ್ತಾರೆ. ಪಕ್ಕದಲ್ಲೇ ಕುಳಿತ ಅತ್ತೆಯ ರಕ್ತವನ್ನು ಮನೆಯವರೇ ವಿಚಾರಿಸಬೇಕು.

ಸೊಸೆಗೆ ಕೊಟ್ಟ ಕಬ್ಬಿಣದ ಮಾತ್ರೆ ಉಳಿದಿದ್ದರೆ ಅದು ಅತ್ತೆಗೆ ಹೋಗುವುದೂ ಉಂಟು. ‘ರಕ್ತದ ಮಾತ್ರೆ ತಾನೇ, ಏನಾಗುತ್ತದೆ?’ ಎನ್ನುತ್ತಾರೆ. ಏನಾಗಬಹುದು ಎಂದು ತಿಳಿಯಲು ಹಿರಿಯರಲ್ಲಿ ರಕ್ತ ಕಡಿಮೆಯಾಗುವ ದಾರಿಗಳನ್ನು ನೋಡಬೇಕು.

ಒಂದು ದಾರಿ ಸೋರಿಕೆ. ಗರ್ಭಿಣಿಗೆ ಕಬ್ಬಿಣಾಂಶ ಕಡಿಮೆಯಾದರೆ ಮಗು ಬೆಳೆಯುತ್ತಿದೆ, ಅಗತ್ಯ ಹೆಚ್ಚಿದೆ ಎನ್ನಬಹುದು. ಮುಟ್ಟು ನಿಂತ ಹೆಂಗಸಿಗೆ, ಅಥವಾ ಗಂಡಸಿಗೆ ಯಾಕೆ ಕಡಿಮೆಯಾಗಬೇಕು? ನಮ್ಮ ದೇಹದಲ್ಲಿ ಒಟ್ಟು ಮೂರರಿಂದ ನಾಲ್ಕು ಗ್ರಾಂ ಕಬ್ಬಿಣಾಂಶವಿರುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ ಸತ್ತಾಗ ಅದರೊಳಗಿನ ಕಬ್ಬಿಣಾಂಶವನ್ನು ದೇಹ ಬಿಸಾಡುವುದಿಲ್ಲ, ಮತ್ತೆ ಬಳಸುತ್ತದೆ. ದಿನಕ್ಕೆ ಹೀಗೆ ಮರುಬಳಕೆಯಾಗುವುದು 20ರಿಂದ 25 ಮಿಲಿಗ್ರಾಂ. ಊಟದಿಂದ ಹೊಸದಾಗಿ ಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಇಷ್ಟು ಮಿತವ್ಯಯದ ಸಂಸಾರದಲ್ಲಿ ದಾಸ್ತಾನು ಖಾಲಿಯಾಗಿದೆ ಎಂದರೆ ಎಲ್ಲೋ ರಕ್ತ ಹೋಗುತ್ತಿದೆ ಎಂದೇ ವೈದ್ಯರು ಮೊದಲು ಅನುಮಾನಿಸುತ್ತಾರೆ.

ಹೋಗುವ ಜಾಗ ಹೆಚ್ಚಾಗಿ ಹೊಟ್ಟೆ ಮತ್ತು ಕರುಳು. ಮಂಡಿನೋವಿಗೆಂದು ಮೆಡಿಕಲ್ ಶಾಪ್‌ನಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡುತ್ತವೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಜೊತೆಗೆ ಇವು ಸೇರಿದರೆ ಅಪಾಯ ಇನ್ನೂ ಹೆಚ್ಚು. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿದ್ದರೂ ನಾಚಿಕೆಯಿಂದ ಬಾಯಿಬಿಡದ ಹಿರಿಯರು ಎಷ್ಟೋ ಮಂದಿ. ಕರುಳಿನ ಕ್ಯಾನ್ಸರ್ ಕೂಡ ಮೊದಮೊದಲು ನೋವು ಕೊಡದೆ, ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಿಸುತ್ತಾ ರಕ್ತಹೀನತೆಯಾಗಿಯೇ ಗೊತ್ತಾಗುವುದುಂಟು. ಇಂಥವರಿಗೆ ಟಾನಿಕ್ ಕೊಟ್ಟರೆ ಎರಡು ತಿಂಗಳು ಮುಖದಲ್ಲಿ ಕಳೆ ಬರುತ್ತದೆ. ಗಡ್ಡೆ ಮಾತ್ರ ಒಳಗೆ ಬೆಳೆಯುತ್ತಲೇ ಇರುತ್ತದೆ. ಹಿರಿಯರಲ್ಲಿ ಕಬ್ಬಿಣಾಂಶದ ಕೊರತೆ ಖಚಿತವಾದರೆ ವೈದ್ಯರು ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಮಾಡಿಸಿ ಎನ್ನುವುದು ಇದಕ್ಕೆ. ಅದನ್ನು ದುಡ್ಡು ಕೀಳುವ ಉಪಾಯ ಎಂದುಕೊಂಡು ಮುಂದೂಡಬೇಡಿ. ಮಲ ಡಾಂಬರಿನಂತೆ ಕಪ್ಪಗೆ, ಅಂಟಾಗಿ, ಕೆಟ್ಟ ವಾಸನೆಯಿಂದ ಹೋಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದರಲ್ಲಿ ಈ ಅಂಟು ಮತ್ತು ವಾಸನೆ ಇರುವುದಿಲ್ಲ.

ಎರಡನೆಯ ದಾರಿ ಸ್ವಲ್ಪ ವಿಚಿತ್ರವಾದದ್ದು. ಇಲ್ಲಿ ಗೋದಾಮಿನಲ್ಲಿ ಕಬ್ಬಿಣಾಂಶ ತುಂಬಿರುತ್ತದೆ, ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಸಂಧಿವಾತ, ಕ್ಷಯ, ವಾಸಿಯಾಗದ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ಹೃದಯ ವೈಫಲ್ಯ, ಕ್ಯಾನ್ಸರ್ ಮುಂತಾದ ದೀರ್ಘಕಾಲದ ಕಾಯಿಲೆಗಳಲ್ಲಿ ದೇಹದೊಳಗೆ ಉರಿಯೂತ ಸದಾ ಇರುತ್ತದೆ. ಆಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತದೆ. ಅದು ಕರುಳಿನಿಂದ ಕಬ್ಬಿಣಾಂಶ ಒಳಬರುವುದನ್ನೂ ದಾಸ್ತಾನಿನಿಂದ ಹೊರಬರುವುದನ್ನೂ ತಡೆಯುತ್ತದೆ. ದೇಹ ತನಗೆ ತಾನೇ ಯಾಕೆ ಹೀಗೆ ಮಾಡಿಕೊಳ್ಳುತ್ತದೆ? ರೋಗಾಣುಗಳಿಗೂ ಬೆಳೆಯಲು ಕಬ್ಬಿಣಾಂಶ ಬೇಕು. ಶತ್ರುವಿಗೆ ದಿನಸಿ ಸಿಗಬಾರದೆಂದು ದೇಹ ಗೋದಾಮಿಗೆ ಬೀಗ ಹಾಕುತ್ತದೆ. ನಾಲ್ಕು ದಿನದ ಜ್ವರಕ್ಕೆ ಇದು ಒಳ್ಳೆಯ ಉಪಾಯ. ಕಾಯಿಲೆ ನಾಲ್ಕು ವರ್ಷ ಇದ್ದರೆ ಬೀಗವೂ ನಾಲ್ಕು ವರ್ಷ ಇರುತ್ತದೆ, ಮೂಳೆಮಜ್ಜೆ ಕಚ್ಚಾವಸ್ತುವಿಲ್ಲದೆ ಕೂರುತ್ತದೆ. ಇಂಥವರಿಗೆ ಬಾಟಲಿಗಟ್ಟಲೆ ಟಾನಿಕ್ ಕುಡಿಸಿದರೂ ಹೆಚ್ಚಿನ ಪಾಲು ಒಳಗೆ ಸೇರುವುದೇ ಇಲ್ಲ. ಮಲಬದ್ಧತೆಯೊಂದು ಹೆಚ್ಚುತ್ತದೆ. ಇಲ್ಲಿ ಮದ್ದು ಬೇಕಾದದ್ದು ಮೂಲ ಕಾಯಿಲೆಗೆ.

ದಾಸ್ತಾನು ಖಾಲಿಯೋ, ಬಾಗಿಲಿಗೆ ಬೀಗವೋ ಎಂದು ತಿಳಿಯಲು ಫೆರಿಟಿನ್ ಎಂಬ ಪರೀಕ್ಷೆ ಇದೆ. ಅದರಲ್ಲೂ ಒಂದು ತೊಡಕು. ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಹಾಗಾಗಿ ದೀರ್ಘಕಾಲದ ಕಾಯಿಲೆಯಿರುವ ಹಿರಿಯರ ವರದಿಯಲ್ಲಿ ಫೆರಿಟಿನ್ 60 ಎಂದಿದ್ದು, ಲ್ಯಾಬ್‌ನವರು ಪಕ್ಕದಲ್ಲಿ ‘ನಾರ್ಮಲ್’ ಎಂದು ಮುದ್ರಿಸಿದ್ದರೂ ಕೊರತೆ ಇರಬಹುದು. ವರದಿಯನ್ನು ಮೊಬೈಲಿನಲ್ಲಿ ನೋಡಿ ನಾವೇ ತೀರ್ಪು ಕೊಡುವ ಬದಲು ವೈದ್ಯರಿಗೆ ತೋರಿಸಬೇಕು.

ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವ ಮನೆಗಳಿಗೆ ಮೂರನೆಯ ದಾರಿ ಗೊತ್ತಿರಲೇಬೇಕು. ಕಿಡ್ನಿ ಮೂತ್ರ ಸೋಸುವುದು ಮಾತ್ರವಲ್ಲ, ರಕ್ತ ತಯಾರಿಸು ಎಂದು ಮೂಳೆಮಜ್ಜೆಗೆ ಆದೇಶ ಕಳಿಸುವುದೂ ಅದೇ. ಆ ಆದೇಶದ ಹೆಸರು ಎರಿತ್ರೊಪೊಯಿಟಿನ್. ಅದನ್ನು ಮೊದಲ ಬಾರಿಗೆ ಶುದ್ಧವಾಗಿ ಬೇರ್ಪಡಿಸಿದ್ದು 1977ರಲ್ಲಿ. ಅದಕ್ಕಾಗಿ ಜಪಾನಿನಲ್ಲಿ ತೀವ್ರ ರಕ್ತಹೀನತೆಯ ರೋಗಿಗಳಿಂದ ಎರಡೂವರೆ ಸಾವಿರ ಲೀಟರಿಗೂ ಹೆಚ್ಚು ಮೂತ್ರ ಸಂಗ್ರಹಿಸಿ, ಅದರ ಸಾರವನ್ನು ಅಮೆರಿಕದ ಶಿಕಾಗೋಗೆ ಒಯ್ಯಬೇಕಾಯಿತು. ಸಿಕ್ಕಿದ್ದು ಕೆಲವೇ ಮಿಲಿಗ್ರಾಂ! ಇವತ್ತು ಡಯಾಲಿಸಿಸ್ ರೋಗಿಗಳಿಗೆ ಕೊಡುವ ‘ರಕ್ತದ ಇಂಜೆಕ್ಷನ್’ ಇದೇ ವಸ್ತುವಿನ ಕೃತಕ ರೂಪ, 1989ರಿಂದ ಬಳಕೆಯಲ್ಲಿದೆ. ಸಕ್ಕರೆ ಕಾಯಿಲೆ ಹತ್ತು ಹದಿನೈದು ವರ್ಷ ಹಿಡಿತದಲ್ಲಿಲ್ಲದೆ ಕಿಡ್ನಿ ಸೊರಗಿದಾಗ ಈ ಆದೇಶ ಕಡಿಮೆಯಾಗುತ್ತದೆ. ಕಾಲು ಊದಿಕೊಳ್ಳುವ ಮೊದಲೇ ರಕ್ತ ಇಳಿಯತೊಡಗಬಹುದು. ಆದ್ದರಿಂದ ಸಕ್ಕರೆ ಕಾಯಿಲೆಯವರ ಹಿಮೋಗ್ಲೋಬಿನ್ ಇಳಿದಿದ್ದರೆ ಕ್ರಿಯಾಟಿನಿನ್ ಮತ್ತು ಮೂತ್ರಪರೀಕ್ಷೆ ಕೂಡಲೇ ಮಾಡಿಸಿ. ಈ ಇಂಜೆಕ್ಷನ್‌ನಿಂದ ಹಿಮೋಗ್ಲೋಬಿನ್ ಅನ್ನು 13ಕ್ಕೆ ಏರಿಸಿಬಿಡಿ ಎಂದು ವೈದ್ಯರನ್ನು ಒತ್ತಾಯಿಸುವವರೂ ಇದ್ದಾರೆ. ಕಿಡ್ನಿ ರೋಗಿಗಳಲ್ಲಿ ಹಾಗೆ ಪೂರ್ತಿ ಏರಿಸಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಹತ್ತು-ಹನ್ನೊಂದರ ಆಸುಪಾಸಿನಲ್ಲಿ ವೈದ್ಯರು ನಿಲ್ಲಿಸುವುದು ಜಿಪುಣತನದಿಂದಲ್ಲ.

ಇನ್ನು ಬಿ12. ಇದು ಸಸ್ಯಾಹಾರಿಗಳ ಸಮಸ್ಯೆ, ಮಾಂಸ-ಮೀನು ತಿನ್ನುವ ನಮಗೆ ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಯೌವನದಲ್ಲಿ ಬಹುಮಟ್ಟಿಗೆ ಸರಿ. ಆದರೆ ಮಾಂಸದೊಳಗಿನ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ವಯಸ್ಸಾದಂತೆ ಹಲವರಲ್ಲಿ ಜಠರದ ಒಳಪದರ ಸವೆದು ಆಮ್ಲ ಕಡಿಮೆಯಾಗುತ್ತದೆ. ಅದರ ಮೇಲೆ ಗ್ಯಾಸಿಗೆಂದು ವರ್ಷಗಟ್ಟಲೆ ಬೆಳಗ್ಗೆ ಎದ್ದು ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಇದ್ದ ಆಮ್ಲವನ್ನೂ ಅಡಗಿಸುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಿ12 ಹೀರುವಿಕೆಯನ್ನು ಇನ್ನೊಂದು ಕಡೆಯಿಂದ ತಡೆಯುತ್ತದೆ. ಹಾಗೆಂದು ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ, ಅದು ಒಳ್ಳೆಯ ಮದ್ದು. ಅದನ್ನು ನಾಲ್ಕೈದು ವರ್ಷದಿಂದ ತಿನ್ನುತ್ತಿರುವವರು ಬಿ12 ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಇವೆಲ್ಲ ಸೇರಿದಾಗ ವಾರಕ್ಕೆರಡು ಸಲ ಬಿರಿಯಾನಿ ತಿನ್ನುವವರಿಗೂ ಬಿ12 ಕೊರತೆ ಬರುತ್ತದೆ.

ಬಿ12 ಕೊರತೆಯ ಕೇಡು ರಕ್ತಕ್ಕೆ ನಿಲ್ಲುವುದಿಲ್ಲ. ಪಾದಗಳು ಜೋಮು ಹಿಡಿಯುತ್ತವೆ, ನಡಿಗೆ ತಪ್ಪುತ್ತದೆ, ಮರೆವು ಹೆಚ್ಚುತ್ತದೆ. ಕಾಲಿನ ಜೋಮು ಸಕ್ಕರೆ ಕಾಯಿಲೆಯದ್ದೆಂದೂ ಮರೆವು ವಯಸ್ಸಿನದ್ದೆಂದೂ ಮನೆಯವರು ಹಂಚಿಹಾಕಿಬಿಡುತ್ತಾರೆ. ಸೊಸೆಯ ಮಾತ್ರೆ ಅತ್ತೆಗೆ ಕೊಡಬಾರದು ಎಂದದ್ದಕ್ಕೆ ಕಾರಣ ಇಲ್ಲಿದೆ. ಆ ಮಾತ್ರೆಯಲ್ಲಿ ಕಬ್ಬಿಣಾಂಶದ ಜೊತೆ ಫೋಲಿಕ್ ಆಮ್ಲವೂ ಇರುತ್ತದೆ. ಬಿ12 ಕೊರತೆ ಇರುವವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತದ ಅಂಕಿ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ತಡವಾದರೆ ಆ ಹಾನಿ ಪೂರ್ತಿ ಸರಿಹೋಗುವುದಿಲ್ಲ. ಬಿ12 ಕೊಡುವುದು ಸುಲಭ. ಇಂಜೆಕ್ಷನ್ ಇದೆ, ಹೆಚ್ಚು ಪ್ರಮಾಣದ ಮಾತ್ರೆಯೂ ಇದೆ.

ಥೈರಾಯ್ಡ್ ಕಡಿಮೆ ಇರುವವರಲ್ಲೂ ರಕ್ತ ಇಳಿಯುತ್ತದೆ. ಬೆನ್ನುಮೂಳೆಯ ಬಿಡದ ನೋವು, ರಕ್ತಹೀನತೆ, ಕಿಡ್ನಿಯ ತೊಂದರೆ ಮೂರೂ ಒಟ್ಟಿಗಿದ್ದರೆ ಮಜ್ಜೆಯ ಒಂದು ಬಗೆಯ ಕ್ಯಾನ್ಸರನ್ನು ವೈದ್ಯರು ಯೋಚಿಸುತ್ತಾರೆ. ಇವು ಅಪರೂಪ, ಹೆಚ್ಚು ವಿವರಿಸಿ ಹೆದರಿಸುವುದಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದೇ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು. ಹಿಮೋಗ್ಲೋಬಿನ್ನೇ ಕೆಟ್ಟಿದ್ದರೆ ಅಳತೆಯೂ ಕೆಡುತ್ತದೆ. ಕಬ್ಬಿಣಾಂಶದ ಕೊರತೆಯಲ್ಲಿ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ರಕ್ತ ಏರಿಸಿಕೊಂಡ ಮೇಲೆ ಅಥವಾ ಎರಿತ್ರೊಪೊಯಿಟಿನ್ ತೆಗೆದುಕೊಳ್ಳುವಾಗ ಕಡಿಮೆ ತೋರಿಸಬಹುದು. ಮನೆಯ ಗ್ಲುಕೋಮೀಟರಿನ ಅಂಕಿಗೂ ಈ ವರದಿಗೂ ತಾಳೆಯಾಗದಿದ್ದರೆ ವೈದ್ಯರಿಗೆ ಹೇಳಿ. ಇಲ್ಲವಾದರೆ ಅನಗತ್ಯವಾಗಿ ಇನ್ಸುಲಿನ್ ಹೆಚ್ಚಿಸಿ ಸಕ್ಕರೆ ಕುಸಿದು ಬೀಳುವಂತಾದೀತು.

ಊಟದ ವಿಷಯಕ್ಕೆ ಬಂದರೆ ನಮ್ಮಲ್ಲಿ ಬಣ್ಣದ ಲೆಕ್ಕ ಜಾಸ್ತಿ. ಕೆಂಪಗಿದ್ದರೆ ರಕ್ತ ಕೊಡುತ್ತದೆ! ಬೀಟ್‌ರೂಟಿನ ನೂರು ಗ್ರಾಂನಲ್ಲಿ ಒಂದು ಮಿಲಿಗ್ರಾಂಗಿಂತಲೂ ಕಡಿಮೆ ಕಬ್ಬಿಣಾಂಶ, ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ಖರ್ಜೂರ ಬರಕತ್ತಿನ ಹಣ್ಣು, ಉಪವಾಸ ಬಿಡಲು ಅದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ಅದರ ನೂರು ಗ್ರಾಂನಲ್ಲಿ ಇರುವುದು ಸುಮಾರು ಒಂದು ಮಿಲಿಗ್ರಾಂ ಕಬ್ಬಿಣಾಂಶ, ತೂಕದ ಮೂರನೇ ಎರಡು ಭಾಗದಷ್ಟು ಸಕ್ಕರೆ. ರಕ್ತ ಹೆಚ್ಚಲೆಂದು ಸಕ್ಕರೆ ಕಾಯಿಲೆಯ ಅಜ್ಜನಿಗೆ ದಿನಾ ಹತ್ತು ಖರ್ಜೂರ ಕೊಟ್ಟರೆ ಹೆಚ್ಚುವುದು ಯಾವುದೆಂದು ಹೇಳಬೇಕಾಗಿಲ್ಲ. ಕಲೇಜಿ, ಮಾಂಸ, ಮೀನಿನಲ್ಲಿರುವ ಕಬ್ಬಿಣಾಂಶ ಸೊಪ್ಪು-ಕಾಳಿನದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಳು-ಸೊಪ್ಪಿಗೆ ನಿಂಬೆರಸ ಹಿಂಡಿದರೆ ಅದೂ ಹತ್ತುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಸುಲೈಮಾನಿಯಲ್ಲಿ ನಿಂಬೆ ಇದೆಯಲ್ಲ ಎನ್ನಬಹುದು, ಆದರೂ ಅದು ಚಹಾವೇ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ.

ನಿಜವಾದ ತೊಂದರೆ ಬೇರೆಡೆ ಇದೆ. ಹಲ್ಲು ಹೋದ ಮೇಲೆ ಎಷ್ಟೋ ಹಿರಿಯರ ಊಟ ಗಂಜಿ, ಚಹಾದಲ್ಲಿ ಅದ್ದಿದ ರಸ್ಕಿಗೆ ಇಳಿದುಬಿಡುತ್ತದೆ. ಮನೆಯಲ್ಲಿ ಮಾಂಸ ಬೆಂದರೂ ಅವರ ಬಾಯಿಗೆ ಅದು ಅಗಿಯಲಾಗದ ತುಂಡು. ಹಲ್ಲಿನ ಸೆಟ್ ಮಾಡಿಸುವುದು, ಖೀಮಾ ಮೆತ್ತಗೆ ಬೇಯಿಸಿ ಕೊಡುವುದು, ಮೊಟ್ಟೆ ಕೊಡುವುದು ಯಾವ ಟಾನಿಕ್‌ಗೂ ಕಡಿಮೆಯಲ್ಲ.

ಕಬ್ಬಿಣಾಂಶದ ಕೊರತೆಯೇ ಎಂದು ಖಚಿತವಾಗಿ ವೈದ್ಯರು ಮಾತ್ರೆ ಬರೆದುಕೊಟ್ಟರೆ, ಹೆಚ್ಚು ತಿಂದಷ್ಟು ಬೇಗ ಗುಣ ಎಂದುಕೊಳ್ಳಬೇಡಿ. ಎಂಬತ್ತು ದಾಟಿದವರ ಮೇಲೆ ನಡೆದ ಅಧ್ಯಯನವೊಂದರಲ್ಲಿ ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣಾಂಶ ಪಡೆದವರಿಗೂ 150 ಮಿಲಿಗ್ರಾಂ ಪಡೆದವರಿಗೂ ರಕ್ತ ಏರಿದ್ದು ಒಂದೇ ರೀತಿ. ಹೊಟ್ಟೆಯ ತೊಂದರೆ ಮಾತ್ರ ಹೆಚ್ಚು ತಿಂದವರಿಗೆ ಹೆಚ್ಚು. ಮಾತ್ರೆಯಿಂದ ಮಲಬದ್ಧತೆಯಾದರೆ ಕಸದಬುಟ್ಟಿಗೆ ಹಾಕದೆ ವೈದ್ಯರಿಗೆ ಹೇಳಿ. ಅವರು ಪ್ರಮಾಣ ಇಳಿಸಬಹುದು, ದಿನ ಬಿಟ್ಟು ದಿನ ಕೊಡಬಹುದು, ರಕ್ತನಾಳದ ಮೂಲಕ ಕೊಡಬಹುದು. ಥೈರಾಯ್ಡ್ ಮಾತ್ರೆ ಮತ್ತು ಕಬ್ಬಿಣದ ಮಾತ್ರೆಯ ನಡುವೆ ನಾಲ್ಕು ಗಂಟೆ ಅಂತರವಿರಲಿ. ಮೂರ್ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಕೂಡ ಏರದಿದ್ದರೆ ಕಾರಣ ಬೇರೆ ಇದೆ ಎಂದರ್ಥ. ಏರಿ ಸರಿಯಾದ ಮೇಲೂ ದಾಸ್ತಾನು ತುಂಬಲು ಇನ್ನೂ ಸುಮಾರು ಮೂರು ತಿಂಗಳು ತಿನ್ನಬೇಕಾಗುತ್ತದೆ.

‘ಒಂದು ಬಾಟಲಿ ರಕ್ತ ಏರಿಸಿಬಿಡಿ ಡಾಕ್ಟ್ರೇ’ ಎಂಬ ಬೇಡಿಕೆಯೂ ಸಾಮಾನ್ಯ. ನಮ್ಮ ಯುವಕರ ರಕ್ತದಾನ ಶಿಬಿರಗಳಿಂದಾಗಿ ರಕ್ತ ಸಿಗುವುದು ಈಗ ಹಿಂದಿನಷ್ಟು ಕಷ್ಟವಲ್ಲ, ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ರಕ್ತಸ್ರಾವ ಇಲ್ಲದೆ ಸ್ಥಿರವಾಗಿರುವವರಿಗೆ ಹಿಮೋಗ್ಲೋಬಿನ್ ಸುಮಾರು 7ಕ್ಕೆ, ಹೃದಯದ ಕಾಯಿಲೆ ಇರುವವರಿಗೆ 8ಕ್ಕೆ ಇಳಿಯುವವರೆಗೆ ಸಾಮಾನ್ಯವಾಗಿ ರಕ್ತ ಕೊಡುವುದಿಲ್ಲ. ದುರ್ಬಲ ಹೃದಯಕ್ಕೆ ಬಾಟಲಿಯ ಹೊರೆ ತಾಳದೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವಿದೆ. ಏರಿಸಲೇಬೇಕಾದಾಗ ಪರೀಕ್ಷೆಗೆ ಬೇಕಾದ ರಕ್ತವನ್ನು ಮೊದಲೇ ತೆಗೆಯಲಿ. ಬೇರೆಯವರ ರಕ್ತ ಸೇರಿದ ಮೇಲೆ ಕಾರಣ ಹುಡುಕುವುದು ಕಷ್ಟ.

ಹಿಜಾಮ ಮಾಡಿಸಿಕೊಳ್ಳುವ ಹಿರಿಯರಿಗೂ ಒಂದು ವಿನಂತಿ. ಚರ್ಮ ಗೀರಿ ರಕ್ತ ತೆಗೆಯುವ ವಿಧಾನವನ್ನು ಪದೇ ಪದೇ ಮಾಡಿಸಿಕೊಂಡು ತೀವ್ರ ರಕ್ತಹೀನತೆಗೆ ಒಳಗಾದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ರಕ್ತದಾನಕ್ಕೇ ಹಿಮೋಗ್ಲೋಬಿನ್ 12.5 ಇರಬೇಕು, ವಯಸ್ಸು 65 ಮೀರಿರಬಾರದು ಎಂಬ ನಿಯಮವಿದೆ. ಹತ್ತು ಗ್ರಾಂ ಇರುವ, ರಕ್ತ ತೆಳುಮಾಡುವ ಮಾತ್ರೆ ತಿನ್ನುವ ಎಪ್ಪತ್ತರ ವ್ಯಕ್ತಿಯ ರಕ್ತ ತೆಗೆಯಲು ಒಪ್ಪುವ ಹಿಜಾಮದವರು ತಮ್ಮ ಕೆಲಸ ತಿಳಿದವರಲ್ಲ.

ರಮಝಾನ್ ಬಂದಾಗ ಹಿರಿಯರು ಮಾತ್ರೆ ಬಿಟ್ಟು ಉಪವಾಸ ಹಿಡಿಯುತ್ತಾರೆ, ಮನೆಯವರ ಮಾತು ಕೇಳುವುದಿಲ್ಲ. ರೋಗಿಗೆ ಕುರ್‌ಆನ್ ಸೂರಃ ಅಲ್‌ ಬಕರಃದಲ್ಲೇ ರಿಯಾಯಿತಿ ಕೊಟ್ಟಿದೆ. ಇಲ್ಲಿ ಕಾಯಿಲೆಯ ಸ್ವರೂಪ ತಿಳಿದಿರುವುದು ಮಸ್‌ಅಲಗೂ ಉಪಯುಕ್ತ. ಕಬ್ಬಿಣಾಂಶ ಅಥವಾ ಬಿ12 ಕೊರತೆ ಚಿಕಿತ್ಸೆಯಿಂದ ವಾಸಿಯಾಗುವಂಥದ್ದು, ಬಿಟ್ಟ ಉಪವಾಸವನ್ನು ಆಮೇಲೆ ಕಝಾ ಮಾಡಬಹುದು. ವಾಸಿಯಾಗುವ ನಿರೀಕ್ಷೆಯಿಲ್ಲದ ಕಿಡ್ನಿ ಕಾಯಿಲೆಯಂಥದ್ದಾದರೆ ಫಿದ್ಯಾದ ದಾರಿಯಿದೆ. ವೈದ್ಯರ ಅಭಿಪ್ರಾಯ ಬರೆಸಿಕೊಂಡು ನಿಮ್ಮ ಮಸೀದಿಯ ಉಸ್ತಾದರ ಬಳಿ ಕೇಳಿ. ಇದನ್ನು ಶಅಬಾನ್ ತಿಂಗಳಲ್ಲೇ ಮಾಡಿದರೆ ಸಿಬಿಸಿ, ಕ್ರಿಯಾಟಿನಿನ್, ಸಕ್ಕರೆ ಪರೀಕ್ಷೆಗಳನ್ನು ಮುಗಿಸಿ ಮಾತ್ರೆಗಳ ಹೊತ್ತು ಬದಲಿಸಿಕೊಳ್ಳಲು ಸಮಯ ಸಿಗುತ್ತದೆ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಮೆಡಿಕಲ್ ಶಾಪ್‌ನಿಂದ ಚೀಟಿಯಿಲ್ಲದೆ ತಂದ ಮಂಡಿನೋವಿನ ಮಾತ್ರೆಯ ಪಟ್ಟಿಯೂ ಅದರಲ್ಲಿರಲಿ. ಉಪವಾಸ ಹಿಡಿಯಬಹುದು ಎಂದು ವೈದ್ಯರು ಹೇಳಿದವರು ಕಬ್ಬಿಣದ ಮಾತ್ರೆಯನ್ನು ಇಫ್ತಾರಿನ ಚಹಾದ ಜೊತೆ ನುಂಗದೆ ತರಾವೀಹ್ ಮುಗಿಸಿ ಬಂದ ಮೇಲೆ ನೀರಿನೊಂದಿಗೆ ತೆಗೆದುಕೊಳ್ಳಲಿ.